ಪಿನ್ನು, ವಾಶರು ಮತ್ತು ಪೆಟ್ರೋಲಿನ ದಾರಿ

ಗ್ಯಾಸಿನ ಸಿಲಿಂಡರು ಮನೆಮನೆಗೆ ಬರುವ ಮೊದಲು ನಮ್ಮ ಅಡಿಗೆಮನೆಗಳಲ್ಲಿ ಹಿತ್ತಾಳೆಯ ಪಂಪ್ ಸ್ಟೋವಿನದೇ ದರ್ಬಾರು. ಅದರ ಭೋರ್ ಎಂಬ ಸದ್ದು ನನ್ನ ವಯಸ್ಸಿನ ಹೆಣ್ಣುಮಕ್ಕಳ ಕಿವಿಯಲ್ಲಿ ಇನ್ನೂ ಉಳಿದಿರಬೇಕು. ಉರಿ ಕೆಂಪಾಗಿ ಹೊಗೆ ಬಿಡತೊಡಗಿದರೆ ನಾವು ಯಾರನ್ನೂ ಕೇಳಲು ಹೋಗುತ್ತಿರಲಿಲ್ಲ. ಮೊದಲು ಸ್ಟೋವನ್ನು ಅಲ್ಲಾಡಿಸಿ ಎಣ್ಣೆ ಇದೆಯೋ ಇಲ್ಲವೋ ನೋಡುವುದು. ಎಣ್ಣೆ ಇದ್ದರೆ ಪಿನ್ನು ಹಾಕಿ ನಾಝಲಿನ ಕಸ ತೆಗೆಯುವುದು. ಅಷ್ಟಾದರೂ ಉರಿ ಏಳದಿದ್ದರೆ ಪಂಪು ಹೊಡೆದು ನೋಡುವುದು. ಕೈಗೆ ಬಿಗಿ ಹತ್ತದೆ ದಂಡಿಗೆ ಸಡಿಲಾಗಿ ಒಳಗೆ ಹೋಯಿತೆಂದರೆ ಒಳಗಿನ ಚರ್ಮದ ವಾಶರು ಒಣಗಿದೆ ಎಂದು ಅರ್ಥ. ಅದನ್ನು ಹೊರಗೆ ತೆಗೆದು ಒಂದು ಹನಿ ಎಣ್ಣೆ ಸವರಿ, ಬೆರಳಿನಿಂದ ಅಂಚು ಅಗಲಿಸಿ ಕೂಡಿಸಿದರೆ ಸ್ಟೋವು ಮತ್ತೆ ಭೋರ್ ಎನ್ನುತ್ತಿತ್ತು. 1892ರಲ್ಲಿ ಸ್ವೀಡನ್ ದೇಶದ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ ಎಂಬಾತ ಕಂಡುಹಿಡಿದ ಈ ಒಲೆಯ ಒಳಗುಟ್ಟು ಶಾಲೆಯ ಮೆಟ್ಟಿಲು ಹತ್ತದ ನಮ್ಮ ಅವ್ವಂದಿರಿಗೂ ಅಂಗೈ ಮೇಲಿನ ನೆಲ್ಲಿಕಾಯಿಯಂತೆ ಗೊತ್ತಿತ್ತು.

ಎಣ್ಣೆ ಇದೆಯೆ, ದಾರಿ ಕಟ್ಟಿದೆಯೆ, ತಳ್ಳುವ ಬಲ ಇದೆಯೆ? ಈ ಮೂರು ಪ್ರಶ್ನೆಗಳನ್ನು ಇದೇ ಅನುಕ್ರಮದಲ್ಲಿ ಕೇಳುವುದು ಬಂದರೆ ಸಾಕು, ಹಳೆಯ ಮೋಟಾರು ಗಾಡಿಯ ಪೆಟ್ರೋಲ್ ಪಂಪು ಯಾಕೆ ಕೈಕೊಟ್ಟಿತೆಂದು ಕಂಡುಹಿಡಿಯುವ ವಿದ್ಯೆಯ ಮುಕ್ಕಾಲು ಪಾಲು ಬಂದಂತೆಯೇ. ಆದರೆ ನೋಡಿ, ಸ್ಟೋವಿನ ಮುಂದೆ ಅಷ್ಟು ಜಾಣೆಯರಾದ ನಾವು, ಗಾಡಿ ರಸ್ತೆಯಲ್ಲಿ ನಿಂತ ಕೂಡಲೇ ಏನೂ ತಿಳಿಯದವರಾಗಿ ಬಿಡುತ್ತೇವೆ. ಗಂಡಸರು ಬಾನೆಟ್ಟು ಎತ್ತಿ ಅದರೊಳಗೆ ತಲೆ ಹಾಕುತ್ತಾರೆ. ನಾವು ಹಿಂದಿನ ಸೀಟಿನಲ್ಲಿ ಕುಳಿತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತೇವೆ. ಇದು ಮೊದಲಿನಿಂದಲೂ ಹೀಗೆಯೇ ಇತ್ತೆ ಎಂದು ಇತಿಹಾಸದ ಪುಟ ತಿರುವಿದರೆ, ಇರಲಿಲ್ಲ ಎಂಬ ಉತ್ತರ ಸಿಕ್ಕುತ್ತದೆ.

ಜರ್ಮನಿಯ ಕಾರ್ಲ್ ಬೆಂಜ್ ತನ್ನ ಮೂರು ಗಾಲಿಯ ಮೋಟಾರು ಗಾಡಿಗೆ 1886ರ ಜನವರಿಯಲ್ಲಿ ಪೇಟೆಂಟ್ ಪಡೆದ ಸಂಗತಿ ನಮ್ಮ ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಬರುತ್ತದೆ. ಆ ಗಾಡಿಯನ್ನು ಕೊಳ್ಳುವವರಿಲ್ಲದೆ ಆತ ಕೈಕಟ್ಟಿ ಕುಳಿತಿದ್ದಾಗ ನಡೆದದ್ದು ಮಾತ್ರ ಬರುವುದಿಲ್ಲ. 1888ರ ಆಗಸ್ಟ್ ತಿಂಗಳ ಒಂದು ಬೆಳಗ್ಗೆ ಅವನ ಹೆಂಡತಿ ಬೆರ್ಥಾ, ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂಡಿಸಿಕೊಂಡು ಮಾನ್‌ಹೈಮಿನಿಂದ ತವರೂರಾದ ಫೋರ್ಟ್ಸ್‌ಹೈಮಿಗೆ ಆ ಗಾಡಿಯಲ್ಲೇ ಹೊರಟುಬಿಟ್ಟಳು. ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಆ ವರೆಗೆ ಜಗತ್ತಿನಲ್ಲಿ ಯಾರೂ ಅಷ್ಟು ದೂರ ಮೋಟಾರಿನಲ್ಲಿ ಹೋಗಿರಲಿಲ್ಲ. ಪೆಟ್ರೋಲ್ ಬಂಕು ಎಂಬ ಹೆಸರೇ ಇಲ್ಲದ ಕಾಲ. ವೀಸ್‌ಲೋಖ್ ಎಂಬ ಊರಿನ ಔಷಧದ ಅಂಗಡಿಯಲ್ಲಿ, ಬಟ್ಟೆಯ ಕಲೆ ತೆಗೆಯಲು ಮಾರುತ್ತಿದ್ದ ಲಿಗ್ರೋಯಿನ್ ಎಂಬ ದ್ರವವನ್ನೇ ಕೊಂಡು ಟ್ಯಾಂಕಿಗೆ ಸುರಿದಳು. ದಾರಿಯಲ್ಲಿ ಎಂಜಿನ್ನು ನಿಂತಿತು. ಅವಳು ಅಳುತ್ತ ಕೂಡಲಿಲ್ಲ. ಎಣ್ಣೆ ಬರುವ ಕೊಳವೆಯಲ್ಲಿ ಕಸ ಕಟ್ಟಿದೆ ಎಂದು ಕಂಡುಕೊಂಡು, ತನ್ನ ಟೋಪಿಗೆ ಚುಚ್ಚಿಕೊಂಡಿದ್ದ ಉದ್ದನೆಯ ಪಿನ್ನನ್ನು ಕಿತ್ತು ಅದರಿಂದಲೇ ಕಸ ತೆಗೆದಳು. ಬ್ರೇಕಿನ ಕಟ್ಟಿಗೆ ಸವೆದಾಗ ಚಮ್ಮಾರನ ಬಳಿ ಹೋಗಿ ಅದಕ್ಕೆ ಚರ್ಮ ಹೊಡೆಸಿದಳು.

ಆ ಗಾಡಿಯ ಕಾರ್ಖಾನೆ ಏಳುವುದಕ್ಕೆ ಮದುವೆಗೆ ಮೊದಲೇ ತನ್ನ ವರದಕ್ಷಿಣೆಯ ಹಣವನ್ನು ಹಾಕಿದ್ದವಳೂ ಅವಳೇ. ಇಂಧನದ ದಾರಿಯಲ್ಲಿ ದೋಷ ಎಲ್ಲಿದೆ ಎಂದು ರಸ್ತೆಯ ಮೇಲೆ ನಿಂತು ಪತ್ತೆ ಮಾಡಿ ಸರಿಪಡಿಸಿದ ಮೊದಲಿಗರಲ್ಲಿ ಒಬ್ಬಳು ಎರಡು ಮಕ್ಕಳ ಜೊತೆಗೆ ತವರಿಗೆ ಹೊರಟಿದ್ದ ಒಬ್ಬ ಗೃಹಿಣಿ ಎಂಬ ಮಾತು ನನಗೆ ಬಹಳ ಸಮಾಧಾನ ಕೊಡುತ್ತದೆ. ಅವಳಾದ ಮೇಲೆ, 1909ರಲ್ಲಿ, ಇಂಗ್ಲೆಂಡಿನ ಡೊರೊಥಿ ಲೆವಿಟ್ ಎಂಬವಳು ಗಾಡಿ ನಡೆಸುವ ಹೆಂಗಸರಿಗಾಗಿಯೇ ಒಂದು ಪುಸ್ತಕ ಬರೆದಳು. ಗಾಡಿಯಲ್ಲಿ ಒಂದು ಕೈಗನ್ನಡಿ ಇಟ್ಟುಕೊಳ್ಳಿ, ಹಿಂದೆ ಬರುವವರನ್ನು ಅದರಲ್ಲಿ ನೋಡಬಹುದು ಎಂದು ಅವಳು ಹೇಳಿದ್ದು ಇಂದಿನ ಗಾಡಿಗಳ ಕನ್ನಡಿ ಬರುವ ಮೊದಲು.

ಬೆರ್ಥಾಳ ಗಾಡಿಗೆ ಪಂಪು ಎಂಬುದು ಇರಲಿಲ್ಲ. ಮೊದಮೊದಲ ಬಹಳಷ್ಟು ಗಾಡಿಗಳಿಗೂ ಇರಲಿಲ್ಲ. ಟ್ಯಾಂಕು ಎತ್ತರದಲ್ಲಿ, ಎಂಜಿನ್ನು ಕೆಳಗೆ; ಮಾಳಿಗೆಯ ಮೇಲಿನ ನೀರಿನ ಟಾಕಿಯಿಂದ ನಲ್ಲಿಗೆ ನೀರು ಬರುವಂತೆ ಪೆಟ್ರೋಲು ತಾನಾಗಿ ಇಳಿದು ಬರುತ್ತಿತ್ತು. ಅಮೆರಿಕದಲ್ಲಿ 1908ರಿಂದ 1927ರ ವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನ ಟ್ಯಾಂಕು ಮುಂದಿನ ಸೀಟಿನ ಕೆಳಗಿತ್ತು. ಕಡಿದಾದ ದಿಬ್ಬ ಹತ್ತುವಾಗ ಕಾರಿನ ಮೂತಿ ಮೇಲೆದ್ದು, ಎಂಜಿನ್ನು ಟ್ಯಾಂಕಿಗಿಂತ ಎತ್ತರವಾಗಿ ಪೆಟ್ರೋಲು ಬರುವುದೇ ನಿಲ್ಲುತ್ತಿತ್ತು. ಆಗ ಜನ ಕಾರನ್ನು ತಿರುಗಿಸಿ, ಹಿಮ್ಮುಖವಾಗಿ ದಿಬ್ಬ ಹತ್ತಿಸುತ್ತಿದ್ದರು! ಈ ಮಾತು ಹೇಳಿದಾಗ ನನ್ನ ತರಗತಿಯ ಮಕ್ಕಳು ನಕ್ಕು ನಕ್ಕು ಸುಸ್ತಾಗುತ್ತಾರೆ. ನಕ್ಕಾದ ಮೇಲೆ ಪಂಪು ಯಾಕೆ ಬೇಕಾಯಿತೆಂದು ನಾನು ಹೇಳಬೇಕಾದ ಅಗತ್ಯವೇ ಇರುವುದಿಲ್ಲ.

ಅನಂತರ ಎಂಜಿನ್ನಿನ ಉಸಿರಿನಿಂದಲೇ ಪೆಟ್ರೋಲನ್ನು ಒಂದು ಚಿಕ್ಕ ಡಬ್ಬಿಗೆ ಎಳೆದುಕೊಳ್ಳುವ ಉಪಾಯ ಬಂತು. ಉದ್ದನೆಯ ಏರು ಹತ್ತುವಾಗ ಆ ಎಳೆತವೂ ಸೋತು ಡಬ್ಬಿ ಬರಿದಾಗುತ್ತಿತ್ತು. ಕೊನೆಗೆ 1920ರ ದಶಕ ಮುಗಿಯುವ ಹೊತ್ತಿಗೆ ಎಂಜಿನ್ನಿನ ಪಕ್ಕಕ್ಕೆ ಕೂಡಿಸುವ, ಅದರಿಂದಲೇ ನಡೆಯುವ ಪಂಪು ಬಂತು. ನಮ್ಮ ಕಡೆಯ ಮಿಸ್ತ್ರಿಗಳು ಇಂದಿಗೂ ಇದನ್ನು 'ಎಸಿ ಪಂಪು' ಎನ್ನುತ್ತಾರೆ. ತಂಪು ಗಾಳಿಯ ಎಸಿಗೂ ಇದಕ್ಕೂ ಸಂಬಂಧವಿಲ್ಲ. ಇದು ಆಲ್ಬರ್ಟ್ ಚಾಂಪಿಯನ್ ಎಂಬ ಮನುಷ್ಯನ ಹೆಸರಿನ ಎರಡು ಮೊದಲಕ್ಷರ. ಫ್ರಾನ್ಸಿನಲ್ಲಿ ಸೈಕಲ್ ಪಂದ್ಯಗಳ ಕಲಿಯಾಗಿದ್ದು, ಅಮೆರಿಕಕ್ಕೆ ಹೋಗಿ ಸ್ಪಾರ್ಕ್ ಪ್ಲಗ್ಗಿನ ಕಾರ್ಖಾನೆ ಹಾಕಿದ ಆತ 1927ರಲ್ಲಿ ತೀರಿಕೊಂಡ. ಅವನ ಕಂಪನಿಯ ಹೆಸರು ಮಾತ್ರ ನಮ್ಮೂರ ಗ್ಯಾರೇಜಿನ ಎಣ್ಣೆಗೈಗಳ ಬಾಯಲ್ಲಿ ಉಳಿಯಿತು.

ಈ ಪಂಪಿನ ಕೆಲಸ ತಿಳಿಯುವುದಕ್ಕೆ ನಮ್ಮ ಬಾವಿಯ ಮೊಟ್ಟೆಯನ್ನು ನೆನಪಿಸಿಕೊಂಡರೆ ಸಾಕು. ಎತ್ತುಗಳು ಇಳಿಜಾರಿನಲ್ಲಿ ಹೋದರೆ ಚರ್ಮದ ಚೀಲ ಮೇಲೆ ಬರುತ್ತದೆ, ಹಿಂದೆ ಬಂದರೆ ಚೀಲ ಕೆಳಗಿಳಿಯುತ್ತದೆ. ಇಲ್ಲಿ ಎತ್ತಿನ ಕೆಲಸ ಎಂಜಿನ್ನಿನೊಳಗೆ ತಿರುಗುವ ಒಂದು ಉಬ್ಬಿನದು. ಚೀಲದ ಜಾಗದಲ್ಲಿ ಅಂಗೈಯಗಲದ ಒಂದು ಪರದೆ. ರಬ್ಬರು ಸವರಿದ ಬಟ್ಟೆಯ ಆ ಪರದೆಗೆ ಡಾಯಾಫ್ರಾಮ್ ಎಂದು ಹೆಸರು. ಉಬ್ಬು ತಿರುಗಿ ಸನ್ನೆಯನ್ನು ಒತ್ತಿದಾಗ ಪರದೆ ಕೆಳಗೆ ಸರಿದು ಟ್ಯಾಂಕಿನಿಂದ ಪೆಟ್ರೋಲನ್ನು ಎಳೆಯುತ್ತದೆ. ಬಿಟ್ಟಾಗ ಸ್ಪ್ರಿಂಗು ಅದನ್ನು ಮೇಲೆ ತಳ್ಳಿ ಪೆಟ್ರೋಲನ್ನು ಕಾರ್ಬುರೇಟರಿಗೆ ಕಳಿಸುತ್ತದೆ. ಬಂದದ್ದು ಹಿಂದೆ ಹೋಗದಂತೆ ಎರಡು ಪುಟ್ಟ ಬಾಗಿಲುಗಳು, ಅಂದರೆ ವಾಲ್ವುಗಳು. ಇಷ್ಟೇ. ಕೋಟಿಗಟ್ಟಲೆ ಗಾಡಿಗಳು ಅರ್ಧ ಶತಮಾನಕ್ಕೂ ಮೇಲ್ಪಟ್ಟು ಈ ಅಂಗೈಯಗಲದ ಬಟ್ಟೆಯ ನಂಬಿಕೆಯ ಮೇಲೆ ಓಡಿದವು.

ಇದೇ ಪಂಪು ನಮ್ಮ ನಾಡಿಗೂ ಬಂತು. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಿದ್ದು ಬಸ್ಸುಗಳು ಇದ್ದಿಲ ಗ್ಯಾಸಿನ ಮೇಲೆ ಏದುಸಿರು ಬಿಡುತ್ತ ಓಡುತ್ತಿದ್ದ ಕಾಲ ಮುಗಿಯಿತು. 1947ರಲ್ಲಿ ಮಹೀಂದ್ರಾದವರು ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿದರು. 1948ರಲ್ಲಿ ಘೋರ್ಪಡೆಯವರ ಮುಧೋಳ ಸಂಸ್ಥಾನವೂ ಪಟವರ್ಧನರ ಜಮಖಂಡಿ ಸಂಸ್ಥಾನವೂ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರಲ್ಲಿ ಈ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. ಅರಸರ ಮೋಟಾರು ನೋಡಲು ರಸ್ತೆಯ ಬದಿಗೆ ಓಡಿಬರುತ್ತಿದ್ದ ಜನರ ಮೊಮ್ಮಕ್ಕಳು ತಾವೇ ಹಳೆಯ ಜೀಪು ಕೊಳ್ಳುವ ಕಾಲ ಬಂತು. ಕುರ್ಲಾದಲ್ಲಿ ತಯಾರಾಗುತ್ತಿದ್ದ ಫಿಯೆಟ್ಟಿಗೆ 1970ರ ದಶಕದಲ್ಲಿ ಪದ್ಮಿನಿ ಎಂದು ಚಿತ್ತೋರದ ರಾಣಿಯ ಹೆಸರಿಟ್ಟರು. ಹೆಸರು ರಾಣಿಯದಾದರೂ ಅದರ ಬಾನೆಟ್ಟು ಎತ್ತುವ ಹಕ್ಕು ಹೆಣ್ಣುಮಕ್ಕಳಿಗೆ ಸಿಕ್ಕಲಿಲ್ಲ.

ತಿಮ್ಮಾಪುರವೆಂದರೆ ನಮ್ಮ ಭಾಗದಲ್ಲಿ ಕಬ್ಬಿನ ಊರು. ಮುಧೋಳದಲ್ಲಿ ಹುಟ್ಟಿದ ಕವಿ ರನ್ನನ ಹೆಸರಿನ ರನ್ನನಗರದಲ್ಲಿ ರೈತರ ಸಹಕಾರಿ ಸಕ್ಕರೆ ಕಾರ್ಖಾನೆ ಎದ್ದದ್ದು ಇಲ್ಲಿಯೇ. ನಾನು ನೌಕರಿಗೆ ಸೇರಿದ ಹೊಸತರಲ್ಲಿ, ತೊಂಬತ್ತರ ದಶಕದಲ್ಲಿ, ಈ ಕಡೆಯ ಆರು ಹುಡುಗಿಯರನ್ನು ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆಗೆ ಮುಧೋಳದ ಕೇಂದ್ರಕ್ಕೆ ಕರೆದುಕೊಂಡು ಹೋಗುವ ಜವಾಬ್ದಾರಿ ನನ್ನ ಮೇಲೆ ಬಿತ್ತು. ಒಬ್ಬ ಪಾಲಕರು ತಮ್ಮ ಹಳೆಯ ಪೆಟ್ರೋಲ್ ಜೀಪು ಕೊಟ್ಟರು. ಆರರಲ್ಲಿ ನಾಲ್ವರ ಮನೆಯಲ್ಲಿ ವರನನ್ನು ನೋಡಿಟ್ಟಿದ್ದರು. ಪಾಸಾದರೆ ಮುಂದೆ ಕಲಿಸೋಣ, ಇಲ್ಲವಾದರೆ ಅಕ್ಕಿಕಾಳು ಹಾಕಿಬಿಡೋಣ ಎಂಬ ಮಾತು ಆಗಿತ್ತು. ಏಪ್ರಿಲಿನ ಬಿಸಿಲು. ಹಂಗಾಮಿನ ಕೊನೆಯ ಕಬ್ಬಿನ ಗಾಡಿಗಳ ಸಾಲಿನ ಹಿಂದೆ ಜೀಪು ಆಮೆಯಂತೆ ತೆವಳಿ ತೆವಳಿ, ಕೊನೆಗೆ ಎರಡು ಸಲ ಬಿಕ್ಕಳಿಸಿ ನಿಂತೇಬಿಟ್ಟಿತು. ಹುಡುಗಿಯರ ಮುಖ ನೋಡಲಾಗಲಿಲ್ಲ. ಒಬ್ಬಳಂತೂ ಜಾಮಿಟ್ರಿ ಬಾಕ್ಸನ್ನು ಎದೆಗವಚಿಕೊಂಡು ಅಳತೊಡಗಿದಳು.

ಜೀಪಿನ ಡ್ರೈವರ್ ಕಾಕಾ ಅರವತ್ತು ದಾಟಿದವರು. "ತಾಳ್ರೀ ಅಕ್ಕಾರ, ಗಾಬರಿ ಆಗಬ್ಯಾಡ್ರಿ. ಎಣ್ಣಿ ಎಲ್ಲಿ ತನಕಾ ಬಂದು ನಿಂತೈತಿ ಅನ್ನೂದನ್ನ ನೋಡೂಣು," ಎಂದರು. ಆ ಒಂದು ಮಾತಿನಲ್ಲೇ ಇಡೀ ವಿದ್ಯೆ ಅಡಗಿತ್ತು. ಸೀಟಿನ ಕೆಳಗಿನ ಟ್ಯಾಂಕಿನ ಮುಚ್ಚಳ ತೆಗೆದು ಕಡ್ಡಿ ಇಳಿಬಿಟ್ಟರು, ಎಣ್ಣೆ ಇತ್ತು. ಮುಚ್ಚಳ ತೆಗೆಯುವಾಗ ಕಿವಿಗೊಟ್ಟು ಕೇಳಿದರು. ಮುಚ್ಚಳದ ಸಣ್ಣ ತೂತು ಕಟ್ಟಿದ್ದರೆ ಟ್ಯಾಂಕಿನೊಳಗೆ ಗಾಳಿ ಹೋಗದೆ ಪೆಟ್ರೋಲು ಹೊರಬರುವುದಿಲ್ಲ, ಆಗ ಮುಚ್ಚಳ ತೆಗೆದ ಕೂಡಲೇ ಸುಂಯ್ ಎಂದು ಗಾಳಿ ಎಳೆದುಕೊಳ್ಳುತ್ತದಂತೆ. ಅದೂ ಸರಿಯಿತ್ತು. ಬಳಿಕ ನಮ್ಮನ್ನೆಲ್ಲ ದೂರ ಸರಿಸಿ, ಕಾರ್ಬುರೇಟರಿಗೆ ಹೋಗುವ ಪೈಪು ಬಿಚ್ಚಿ, ಅದರ ಬಾಯಿಗೆ ಒಂದು ಡಬ್ಬಿ ಹಿಡಿದು, ಎಂಜಿನ್ನು ತಿರುಗಿಸಲು ಹೇಳಿದರು. ಪಂಪು ಸರಿಯಿದ್ದರೆ ಹಸುವಿನ ಕೆಚ್ಚಲಿನಿಂದ ಹಾಲು ಚಿಮ್ಮುವಂತೆ ಪೆಟ್ರೋಲು ಚಿಳ್ ಚಿಳ್ ಎಂದು ಬರಬೇಕು. ಬಂದದ್ದು ನಾಲ್ಕು ಗುಳ್ಳೆ. ಎಂದರೆ ಟ್ಯಾಂಕಿನಲ್ಲಿ ಇದ್ದ ಎಣ್ಣೆ ಪಂಪಿನಾಚೆಗೆ ಬಂದಿಲ್ಲ. ಪಂಪಿನ ಕೆಳಗಿನ ಕೈಸನ್ನೆಯನ್ನು ಅವರು ಬೆರಳಿನಿಂದ ಆಡಿಸಿ ನೋಡಿದರು. "ಬಿಗಿ ಇಲ್ಲ," ಎಂದರು. ಒಣಗಿದ ವಾಶರಿನ ಸ್ಟೋವಿನಲ್ಲಿ ಪಂಪಿನ ದಂಡಿಗೆ ಸಡಿಲಾಗುತ್ತದಲ್ಲ, ಹಾಗೆ.

ಪೈಪು ಮೊದಲಿನಂತೆ ಬಿಗಿದು, ಸುತ್ತ ಬಿದ್ದ ಹನಿಗಳು ಆರುವ ತನಕ ಕಾಯ್ದು, ಹುಡುಗಿಯರ ಕುಡಿಯುವ ನೀರಿನ ಬಾಟಲಿ ಇಸಿದುಕೊಂಡರು. ಒಬ್ಬಳ ಕರವಸ್ತ್ರ, ಇನ್ನೊಬ್ಬಳ ಓಢಣಿ ನೆನೆಸಿ ಪಂಪಿಗೂ ಪೈಪಿಗೂ ಸುತ್ತಿದರು. ಹತ್ತು ನಿಮಿಷ ಕಾದದ್ದು ಹತ್ತು ತಾಸಿನಂತಾಯಿತು. ಮತ್ತೆ ಕೈಸನ್ನೆ ಆಡಿಸಿ ಸೆಲ್ಫ್ ಹೊಡೆದಾಗ ಎಂಜಿನ್ನು ಹಿಡಿಯಿತು. "ನಿದಾನಕ ಹೋಗೂಣು. ಜೋರ್ ಮಾಡಿದ್ರ ಅದಕ್ಕ ಎಣ್ಣಿ ಸಾಲೂದಿಲ್ಲ," ಎನ್ನುತ್ತ ಕಾಕಾ ಮಗುವನ್ನು ನಡೆಸುವಂತೆ ಜೀಪನ್ನು ನಡೆಸಿದರು. ಗಂಟೆ ಬಾರಿಸುವ ಮೊದಲು ಮುಟ್ಟಿದೆವು. ಆರೂ ಜನ ಪರೀಕ್ಷೆ ಬರೆದರು.

ಸಂಜೆ ಮಿಸ್ತ್ರಿ ಪಂಪು ಬಿಚ್ಚಿದಾಗ ಡಾಯಾಫ್ರಾಮಿನಲ್ಲಿ ಕೂದಲೆಳೆಯಂಥ ಸೀಳು ಕಂಡಿತು. ಎಂಜಿನ್ ಆಯಿಲಿನ ಕಡ್ಡಿ ಎಳೆದು ನನ್ನ ಮೂಗಿಗೆ ಹಿಡಿದರು, ಪೆಟ್ರೋಲಿನ ವಾಸನೆ. ಪರದೆ ಹರಿದರೆ ಪೆಟ್ರೋಲು ಕೆಳಗಿನ ಆಯಿಲಿಗೆ ಸೋರಿ, ಆಯಿಲಿನ ಮಟ್ಟ ಇಳಿಯುವ ಬದಲು ಏರುತ್ತದೆ, ತೆಳ್ಳಗಾಗುತ್ತದೆ. ಹಾಗೆಯೇ ಓಡಿಸಿದರೆ ಎಂಜಿನ್ನೇ ಸವೆದು ಹೋಗುತ್ತದೆ. ಮರುದಿನ ಹುಡುಗಿಯೊಬ್ಬಳು ನನ್ನನ್ನು ಕೇಳಿದಳು: "ಅಕ್ಕಾರ, ಹಸಿ ಅರಿವಿ ಸುತ್ತಿದ್ರ ಗಾಡಿ ಯಾಕ ಚಾಲೂ ಆತ್ರೀ?" ನಾನು ಬಿ.ಎ. ಓದಿದ ಇತಿಹಾಸದವಳು. ಆದರೂ ಪ್ರಶ್ನೆ ಒಳ್ಳೆಯದಿತ್ತು. ವಿಜ್ಞಾನದ ಸರ್ ಅವರನ್ನೂ ಆ ಮಿಸ್ತ್ರಿಯನ್ನೂ ಕೇಳಿ ತಿಳಿದು ಅವಳಿಗೆ ಹೇಳಿದೆ. ನನ್ನ ಈ ಪಂಪಿನ ಹುಚ್ಚು ಶುರುವಾದದ್ದು ಹಾಗೆ.

ಉತ್ತರ ಇದು. ಪೆಟ್ರೋಲು ನೀರಿಗಿಂತ ಬೇಗ ಕುದಿಯುವ ದ್ರವ. ಹಳೆಯ ಪಂಪು ಕಾದ ಎಂಜಿನ್ನಿಗೆ ಅಂಟಿಕೊಂಡು ಕುಳಿತಿರುತ್ತದೆ. ಮೇಲಾಗಿ ಅದು ಪೆಟ್ರೋಲನ್ನು ದೂರದಿಂದ ಹೀರಬೇಕು. ಹೀರುವಾಗ ಕೊಳವೆಯೊಳಗೆ ಒತ್ತಡ ಕಡಿಮೆಯಾಗುತ್ತದೆ, ಒತ್ತಡ ಕಡಿಮೆಯಾದಲ್ಲಿ ದ್ರವ ಇನ್ನೂ ಬೇಗ ಕುದಿಯುತ್ತದೆ. ಬೆಟ್ಟದ ಮೇಲೆ ನೀರು ಬೇಗ ಕುದಿದರೂ ಬೇಳೆ ಬೇಯುವುದಿಲ್ಲ ಎನ್ನುವುದು ಇದೇ ಕಾರಣಕ್ಕೆ. ಕುದಿದ ಪೆಟ್ರೋಲು ಆವಿಯಾಗಿ ಕೊಳವೆ ತುಂಬಿದರೆ ಪಂಪು ಬರಿಯ ಆವಿಯನ್ನು ಹಿಂಡುತ್ತ ಕೂಡುತ್ತದೆ. ಒದ್ದೆ ಬಟ್ಟೆ ಆ ಆವಿಯನ್ನು ಮತ್ತೆ ಹನಿಯಾಗಿಸುತ್ತದೆ. ಪಂಪು ಗಟ್ಟಿಯಿದ್ದರೆ ಸ್ವಲ್ಪ ಆವಿಯನ್ನು ಹೇಗೋ ನುಂಗಿ ಮುಂದೆ ದಾಟಿಸುತ್ತದೆ, ಪರದೆ ಸೀಳಿದ್ದರೆ ಸೋಲುತ್ತದೆ. ಆ ದಿನ ಬಿಸಿಲಿನದು ಅರ್ಧ ತಪ್ಪು, ಪರದೆಯದು ಅರ್ಧ. ಹಸಿ ಬಟ್ಟೆ ಸುತ್ತಿದ ಮೇಲೆ ಗಾಡಿ ಹೊರಟು ಮುಂದೆ ಎಲ್ಲಿಯೂ ತೊಂದರೆ ಕೊಡದಿದ್ದರೆ ಅದು ಬಿಸಿಲಿನ ಕಾಟ. ತಂಪಾದ ಮೇಲೂ, ಬೆಳಗಿನ ಹೊತ್ತಿನಲ್ಲೂ, ಏರು ಹತ್ತುವಾಗ ದಮ್ಮು ಕಟ್ಟಿದರೆ ಪಂಪಿನದೋ ಫಿಲ್ಟರಿನದೋ ರೋಗ.

ಇಷ್ಟು ತಿಳಿಯದಿದ್ದರೆ ಏನಾಗುತ್ತದೆ ಎಂಬುದಕ್ಕೂ ಒಂದು ಉದಾಹರಣೆ ಇದೆ. ನನ್ನೊಂದಿಗೆ ಕೆಲಸ ಮಾಡುತ್ತಿದ್ದ ಒಬ್ಬ ಶಿಕ್ಷಕಿ, ಗಂಡ ತೀರಿಕೊಂಡ ಮೇಲೆ ಅವರ ಹಳೆಯ ಫಿಯೆಟ್ಟನ್ನು ಮಾರಲು ಮನಸ್ಸಾಗದೆ ಇಟ್ಟುಕೊಂಡಿದ್ದರು. ಅದು ಆಗಾಗ ನಿಲ್ಲತೊಡಗಿತು. ಒಂದು ಗ್ಯಾರೇಜಿನಲ್ಲಿ ಮೊದಲು ಪ್ಲಗ್ಗು ಬದಲಿಸಿದರು, ಆಮೇಲೆ ಕಾಯಿಲು, ಆಮೇಲೆ ಕಾರ್ಬುರೇಟರನ್ನೇ ಬದಲಿಸಿದರು. ಪ್ರತಿ ಸಲವೂ ಸಂಬಳದ ದೊಡ್ಡ ಪಾಲು ಹೋಯಿತು. ಕಾರು ನಿಲ್ಲುವುದು ಮಾತ್ರ ನಿಲ್ಲಲಿಲ್ಲ. ಕೊನೆಗೆ ಬೇರೊಬ್ಬ ಮಿಸ್ತ್ರಿ ಪೈಪು ಬಿಚ್ಚಿ ಬಾಟಲಿ ಹಿಡಿದು ನೋಡಿ, ಡಾಯಾಫ್ರಾಮ್ ಹಾಕಿ, ಅರ್ಧ ದಿನದಲ್ಲಿ ಕಳಿಸಿಕೊಟ್ಟ. ಆ ಪೈಪು ಬಿಚ್ಚಿ ನೋಡುವ ಕೆಲಸಕ್ಕೆ ಹಿಡಿಯುವುದು ಐದು ನಿಮಿಷ. "ಪೆಟ್ರೋಲು ಕಾರ್ಬುರೇಟರಿನ ತನಕ ಬರುತ್ತಿದೆಯೋ ಇಲ್ಲವೋ ನೋಡಿದಿರಾ?" ಎಂದು ಮೊದಲ ದಿನವೇ ಕೇಳುವ ಹೆಂಗಸಿಗೆ ಯಾರೂ ಸುಮ್ಮಸುಮ್ಮನೆ ಕಾರ್ಬುರೇಟರು ಮಾರಲಾರರು.

ಡೀಸೆಲ್ಲಿನ ಗಾಡಿಗಳ ಸಂಗತಿ ಬೇರೆ. ಅಲ್ಲಿ ಒಂದು ಪಂಪು ಡೀಸೆಲನ್ನು ತರುತ್ತದೆ, ಇನ್ನೊಂದು ಅದನ್ನು ಭಾರಿ ಒತ್ತಡದಿಂದ ಎಂಜಿನ್ನಿನೊಳಗೆ ಸಿಂಪಡಿಸುತ್ತದೆ. ಜರ್ಮನಿಯ ರಾಬರ್ಟ್ ಬಾಷ್ ಕಂಪನಿ ಈ ಎರಡನೆಯ ಪಂಪನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ್ದು 1927ರಲ್ಲಿ. 1951ರಲ್ಲಿ ಆರಂಭವಾದ ಬೆಂಗಳೂರಿನ ಮೈಕೋ, ಅಂದರೆ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಆಡುಗೋಡಿಯಲ್ಲಿ ಅದನ್ನು ನಮ್ಮ ರಾಜ್ಯದಲ್ಲೇ ತಯಾರಿಸಿತು. 2008ರಲ್ಲಿ ಆ ಕಂಪನಿಯ ಹೆಸರು ಬಾಷ್ ಎಂದಾಯಿತು. ನಮ್ಮ ಟ್ರ್ಯಾಕ್ಟರಿನವರ ಬಾಯಲ್ಲಿ ಅದು ಇನ್ನೂ ಮೈಕೋ ಪಂಪೇ. ಟ್ರ್ಯಾಕ್ಟರು ಹೊಲದಲ್ಲಿ ನಿಂತರೆ ನಮ್ಮವರು "ಏರ್ ಹಿಡದೈತಿ" ಎನ್ನುತ್ತಾರೆ. ಡೀಸೆಲ್ಲಿನ ಕೊಳವೆಯಲ್ಲಿ ಗಾಳಿ ಸೇರಿದರೆ ಎಷ್ಟು ತಿರುಗಿಸಿದರೂ ಎಂಜಿನ್ನು ಏಳದು. ಫಿಲ್ಟರಿನ ಮೇಲಿನ ತಿರುಪು ಸಡಿಲಿಸಿ, ಗುಳ್ಳೆ ನಿಂತು ಬರಿಯ ಡೀಸೆಲ್ಲು ಬರುವ ವರೆಗೆ ಕೈಪಂಪು ಒತ್ತಬೇಕು. ಸಲಾಯಿನ್ ಹಚ್ಚುವ ಮೊದಲು ನರ್ಸು ಕೊಳವೆಯ ಗಾಳಿ ಹೊರಗೆ ಬಿಡುವುದನ್ನು ನೋಡಿದವರಿಗೆ ಇದನ್ನು ಬೇರೆ ವಿವರಿಸಬೇಕಿಲ್ಲ.

ಪೆಟ್ರೋಲ್ ಕಾರುಗಳಲ್ಲಿ 2000ದ ಆಸುಪಾಸಿಗೆ ಹೊಗೆಯ ಕಾನೂನುಗಳು ಬಿಗಿಯಾದವು, ಕಾರ್ಬುರೇಟರು ಹೋಯಿತು, ಅದರೊಂದಿಗೆ ಎಸಿ ಪಂಪೂ ಹೋಯಿತು. 2014ರಲ್ಲಿ ಅಂಬಾಸಡರ್ ತಯಾರಿಕೆಯೂ ನಿಂತಿತು. ಈಗಿನ ಕಾರಿನ ಪಂಪು ಕರೆಂಟಿನದು, ಟ್ಯಾಂಕಿನ ಒಳಗೇ ಮುಳುಗಿ ಕುಳಿತಿರುತ್ತದೆ. ನಮ್ಮ ಬೋರಿಗೆ ಇಳಿಬಿಡುವ ಮೋಟಾರಿನ ತಮ್ಮನೆಂದೇ ಹೇಳಬೇಕು. ಹೀರುವ ಬದಲು ತಳ್ಳುವುದರಿಂದ ಅದಕ್ಕೆ ಆವಿಯ ಕಾಟ ಕಡಿಮೆ, ಒದ್ದೆ ಬಟ್ಟೆಯ ಅಗತ್ಯವೂ ಇಲ್ಲ. ಅದರ ಪರೀಕ್ಷೆಗೆ ಕಿವಿ ಸಾಕು. ಕೀಲಿ ಅರ್ಧ ತಿರುಗಿಸಿದಾಗ ಹಿಂದಿನ ಸೀಟಿನ ಕೆಳಗಿನಿಂದ ಒಂದೆರಡು ಸೆಕೆಂಡು ಸಣ್ಣಗೆ ಗುಂಯ್ ಎಂಬ ಸದ್ದು ಬರಬೇಕು. ಬಾರದಿದ್ದರೆ ಮೊದಲು ಫ್ಯೂಸು, ಆಮೇಲೆ ಪಂಪು. ಸುತ್ತಲಿನ ಪೆಟ್ರೋಲೇ ಅದನ್ನು ತಂಪಾಗಿಡುವುದರಿಂದ ಟ್ಯಾಂಕನ್ನು ಯಾವಾಗಲೂ ತಳ ಕಾಣುವ ತನಕ ಖಾಲಿ ಮಾಡಬಾರದು. ಬಂಕಿನಲ್ಲಿ ನೂರು, ಇನ್ನೂರು ಎಂದು ಚೂರು ಚೂರೇ ಹಾಕಿಸುವ ನಮ್ಮ ಉಳಿತಾಯ ಕೊನೆಗೆ ಪಂಪಿನ ಖರ್ಚಾಗಿ ಹೊರಬರಬಹುದು.

ಹಾಗಾದರೆ ಹಳೆಯ ಗಾಡಿಗಳ ಕತೆ ಮುಗಿಯಿತೆ? ನಮ್ಮ ಭಾಗದ ಮಟ್ಟಿಗೆ ಅದಕ್ಕೊಂದು ಹೊಸ ಅಧ್ಯಾಯ ಸೇರಿದೆ, ಅದನ್ನು ಬರೆದದ್ದು ನಮ್ಮದೇ ಕಬ್ಬು. ಪೆಟ್ರೋಲಿಗೆ ಕಬ್ಬಿನ ಮದ್ಯಸಾರ ಬೆರೆಸುವ ಯೋಚನೆ ಹೊಸದಲ್ಲ. ಸಂಸ್ಥಾನಗಳು ವಿಲೀನವಾದ ಅದೇ 1948ರಲ್ಲಿ ದೆಹಲಿಯಲ್ಲಿ ಭಾರತೀಯ ಪವರ್ ಆಲ್ಕೋಹಾಲ್ ಕಾಯ್ದೆ ಬಂದಿತ್ತು. ಬ್ರೆಜಿಲ್ ದೇಶ 1975ರಲ್ಲಿ ಇದನ್ನೇ ರಾಷ್ಟ್ರೀಯ ಕಾರ್ಯಕ್ರಮ ಮಾಡಿ, 1979ರಲ್ಲಿ ಬರಿಯ ಎಥೆನಾಲಿನ ಮೇಲೆ ಓಡುವ ಫಿಯೆಟ್ ಕಾರನ್ನು ರಸ್ತೆಗಿಳಿಸಿತು. ನಮ್ಮಲ್ಲಿ 2003ರ ಜನವರಿಯಲ್ಲಿ ಕರ್ನಾಟಕವೂ ಸೇರಿದಂತೆ ಒಂಬತ್ತು ರಾಜ್ಯಗಳಲ್ಲಿ ನೂರಕ್ಕೆ 5ರಂತೆ ಎಥೆನಾಲ್ ಬೆರೆಸುವ ಕಾರ್ಯಕ್ರಮ ಆರಂಭವಾಯಿತು. 2022ರಲ್ಲಿ ಅದು ನೂರಕ್ಕೆ 10ನ್ನು, 2025ರಲ್ಲಿ 20ನ್ನು ಮುಟ್ಟಿತು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಗೆ ಬೆಲೆ ಬಂತು, ಬಾಕಿ ಬಿಲ್ಲಿಗಾಗಿ ಕಾರ್ಖಾನೆಯ ಬಾಗಿಲು ಕಾಯುವ ರೈತನಿಗೆ ಒಂದು ಆಸೆ ಹುಟ್ಟಿತು. ಕೃಷ್ಣಾ ಘಟಪ್ರಭಾ ನದಿಗಳ ನೀರು ಕುಡಿದ ಕಬ್ಬು ಕಾಕಂಬಿಯಾಗಿ, ಎಥೆನಾಲಾಗಿ, ಪೆಟ್ರೋಲಿನಲ್ಲಿ ಬೆರೆತು ಈಗ ನಮ್ಮ ಗಾಡಿಗಳ ಟ್ಯಾಂಕಿಗೇ ಮರಳಿ ಬರುತ್ತಿದೆ.

ಹೊಸ ಗಾಡಿಗಳಿಗೆ ಇದರ ಚಿಂತೆಯಿಲ್ಲ. 2023ರ ಏಪ್ರಿಲಿನಿಂದೀಚೆಗಿನ ಗಾಡಿಗಳ ರಬ್ಬರು, ಪ್ಲಾಸ್ಟಿಕ್ಕುಗಳನ್ನು ನೂರಕ್ಕೆ 20ರ ಎಥೆನಾಲಿಗೆ ತಕ್ಕಂತೆಯೇ ಮಾಡಿರುತ್ತಾರೆ. ಹಳೆಯ ಜೀಪು, ಹಳೆಯ ಫಿಯೆಟ್ಟಿನ ಡಾಯಾಫ್ರಾಮು ಮಾತ್ರ ಬರಿಯ ಪೆಟ್ರೋಲನ್ನೇ ಮನಸ್ಸಿನಲ್ಲಿಟ್ಟು ಮಾಡಿದ್ದು. ಎಥೆನಾಲು ಹಳೆಯ ಜಾತಿಯ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡಬಲ್ಲದು. ಟ್ಯಾಂಕಿನ ಹಳೆಯ ಜಿಗುಟು ಕೊಳೆಯನ್ನು ಕರಗಿಸಿ ತಂದು ಫಿಲ್ಟರಿಗೆ ತುಂಬಬಲ್ಲದು. ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣವೂ ಅದಕ್ಕಿದೆ. ಆದ್ದರಿಂದ ತಿಂಗಳುಗಟ್ಟಲೆ ನಿಲ್ಲಿಸಿಟ್ಟ ಗಾಡಿಯಲ್ಲಿ ನೀರು ಬೇರೆಯಾಗಿ ಟ್ಯಾಂಕಿನ ತಳ ಸೇರಿ ತುಕ್ಕು ಹಿಡಿಸಬಹುದು. ಹಳೆಯ ಕೆಲವು ಗಾಡಿಗಳಲ್ಲಿ ರಬ್ಬರಿನ ಭಾಗಗಳನ್ನು ಬದಲಿಸಬೇಕಾಗಬಹುದು ಎಂದು ಸರ್ಕಾರವೂ 2025ರಲ್ಲಿ ಹೇಳಿತು.

ಇದಕ್ಕೆ ಕಬ್ಬನ್ನು ದೂರುವುದು ನನಗೆ ಸರಿ ಕಾಣ���ುವುದಿಲ್ಲ. ಆ ಕಬ್ಬಿನ ಬಿಲ್ಲಿನಿಂದಲೇ ನಮ್ಮ ಶಾಲೆಯ ಎಷ್ಟೋ ಹುಡುಗಿಯರ ಪುಸ್ತಕ, ಬಸ್ ಪಾಸು, ಕಾಲೇಜಿನ ಫೀಸು ನಡೆದಿವೆ. ಅಪ್ಪನದೋ ಮಾವನದೋ ನೆನಪಿಗಾಗಿ ಹಳೆಯ ಗಾಡಿ ಉಳಿಸಿಕೊಂಡ ಮನೆಗಳಲ್ಲಿ ಮಾಡಬೇಕಾದದ್ದು ಬಹಳವಿಲ್ಲ. ವಾರಕ್ಕೊಮ್ಮೆಯಾದರೂ ಗಾಡಿಯನ್ನು ಓಡಿಸಬೇಕು. ಆಯಿಲಿನ ಕಡ್ಡಿ ಎಳೆದು ಮೂಸಿ ನೋಡಬೇಕು. ಪೆಟ್ರೋಲಿನ ವಾಸನೆ ಬಂದರೆ, ಏರಿನಲ್ಲಿ ದಮ್ಮು ಕಟ್ಟಿದರೆ, ಎಥೆನಾಲಿಗೆ ಬಗ್ಗದ ರಬ್ಬರಿನ ಡಾಯಾಫ್ರಾಮು ಹಾಕಿ ಎಂದು ಮಿಸ್ತ್ರಿಗೆ ಹೆಸರು ಹಿಡಿದು ಹೇಳಬೇಕು. ಅವನು ಕೆಲಸ ಮುಗಿಸಿದ ಮೇಲೆ ಹಣ ಕೊಡುವ ಮುಂಚೆ ಹಳೆಯದನ್ನು ಕೇಳಿ ಇಸಿದುಕೊಳ್ಳಿ. ಅದನ್ನು ಎರಡೂ ಕೈಯಲ್ಲಿ ಹಿಡಿದು, ಜರಡಿಯ ಹಿಟ್ಟು ನೋಡುವ ಹಾಗೆ, ಬೆಳಕಿಗೆ ಎತ್ತಿ ನೋಡಿ. ಸೀಳು ಇದ್ದರೆ ನಿಮಗೇ ಕಾಣುತ್ತದೆ.